ನಿಮ್ಮ ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಯಾವುದು ಒಳ್ಳೆಯದು? ನೀವೇ ಹೋಗಿ ತೂಗಿ ನೋಡುವ ಕ್ರಮ

ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ನಾನು ನೋಡಿದ್ದು ಎರಡೇ. ಶಾಲೆ ಮನೆಗೆ ಹತ್ತಿರವಿತ್ತು, ಗೋಡೆಗೆ ಹೊಸ ಬಣ್ಣ ಹೊಡೆದಿದ್ದರು. ಮೂರನೇ ಕ್ಲಾಸು ಮುಗಿಯುತ್ತಾ ಬಂದರೂ ಒತ್ತಕ್ಷರ ಬಂದ ಕಡೆ ಅವಳು ನಿಂತುಬಿಡುತ್ತಿದ್ದಳು. 'ಎಮ್ಮೆ' ಅಂತ ಓದಲು ಆಗದೆ 'ಎಮೆ, ಎಮೆ' ಅಂದು ನನ್ನ ಮುಖ ನೋಡುತ್ತಿದ್ದಳು. ವಿಚಾರಿಸಿದಾಗ ಗೊತ್ತಾಯಿತು, ಇದ್ದ ಇಬ್ಬರು ಮೇಷ್ಟ್ರಲ್ಲಿ ಒಬ್ಬರು ಒಂದು ವರ್ಷದಿಂದ ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋಗಿದ್ದರು. ಐದೂ ಕ್ಲಾಸು ಒಬ್ಬರ ತಲೆ ಮೇಲೆ ಬಿದ್ದಿತ್ತು. ಒಂದೂವರೆ ಕಿಲೋಮೀಟರ್ ಆಚೆ, ಹಳೆ ಹೆಂಚಿನ ಶಾಲೆಯಲ್ಲಿ, ಅದೇ ವಯಸ್ಸಿನ ಮಕ್ಕಳು ಕಥೆ ಪುಸ್ತಕ ಸರಾಗವಾಗಿ ಓದುತ್ತಿದ್ದರು. ಆ ಶಾಲೆಯ ಒಳಗೆ ನಾನು ಒಂದು ಸಲವೂ ಕಾಲಿಟ್ಟಿರಲಿಲ್ಲ.

ಆಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾದೆ. ಹೋಬಳಿಯ ಶಾಲೆಗಳನ್ನು ಒಂದೊಂದಾಗಿ ಸುತ್ತಿದೆ. ಈಗ ಯಾರಾದರೂ 'ಯಾವ ಶಾಲೆಗೆ ಹಾಕೋಣ' ಅಂತ ಕೇಳಿದರೆ ಶಾಲೆಯ ಹೆಸರು ಹೇಳುವುದಿಲ್ಲ, ನೋಡುವ ಕ್ರಮ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಇದಕ್ಕೆ ದುಡ್ಡು ಬೇಡ. ಒಂದು ನೋಟ್‌ಬುಕ್, ಎರಡು ವಾರದ ಬಿಡುವು, ನಾಲ್ಕು ಕಡೆ ಹೋಗಿ ಮಾತಾಡುವ ಧೈರ್ಯ ಇದ್ದರೆ ಸಾಕು.

ಇನ್ನೊಂದು ಮಾತು. 2019-20ರಿಂದ ನಮ್ಮ ಕರ್ನಾಟಕದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ 25ರ ಸೀಟು ಸಿಗುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಿಗೆ ಈಗಿನ ಪ್ರಶ್ನೆ ಸರ್ಕಾರಿಯೋ ಖಾಸಗಿಯೋ ಅಂತಲ್ಲ, ಸರ್ಕಾರಿ ಶಾಲೆಗಳಲ್ಲಿ ಯಾವುದು ಅಂತ.

ಸಮಯ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಹೊರಟರೆ ಬೀಗ ಹಾಕಿದ ಗೇಟು ಮಾತ್ರ ಕಾಣುತ್ತದೆ. ಜನವರಿ, ಫೆಬ್ರುವರಿಯಲ್ಲಿ ಹೋಗಿ. ಆ ಹೊತ್ತಿಗೆ ವರ್ಷದ ಮುಕ್ಕಾಲು ಪಾಠ ಮುಗಿದಿರುತ್ತದೆ, ಮಕ್ಕಳು ಕಲಿತಿದ್ದಾರೋ ಇಲ್ಲವೋ ಎದ್ದು ಕಾಣುತ್ತದೆ.

ಹಂತ 1: ಪಟ್ಟಿ ಮಾಡಿ, ಒಂದೇ ಬಗೆಯ ಶಾಲೆಗಳನ್ನು ಪಕ್ಕಪಕ್ಕ ಇಡಿ

ಆರ್‌ಟಿಇ ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ 1 ಕಿಲೋಮೀಟರ್ ಒಳಗೆ, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ನೀವು ಮನೆಯಿಂದ 3 ಕಿಲೋಮೀಟರ್ ಒಳಗಿನ ಎಲ್ಲ ಸರ್ಕಾರಿ ಶಾಲೆಗಳನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ನಾಲ್ಕರಿಂದ ಆರು ಸಿಗುತ್ತವೆ.

ಪ್ರತಿ ಶಾಲೆಯ ಪಕ್ಕ ಅದರ ಬಗೆ ಬರೆಯಿರಿ. ಕಿರಿಯ ಪ್ರಾಥಮಿಕ ಅಂದರೆ 5ನೇ ತರಗತಿಗೆ ನಿಲ್ಲುತ್ತದೆ. ಹಿರಿಯ ಪ್ರಾಥಮಿಕ 7 ಅಥವಾ 8ರವರೆಗೆ. ಪ್ರೌಢಶಾಲೆ 8ರಿಂದ 10. ಕರ್ನಾಟಕ ಪಬ್ಲಿಕ್ ಶಾಲೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ. ಮಾಧ್ಯಮವನ್ನೂ ಬರೆಯಿರಿ. ಕನ್ನಡ, ಉರ್ದು, ಗಡಿ ಭಾಗದಲ್ಲಿ ಮರಾಠಿ, ತೆಲುಗು ಇರುತ್ತವೆ. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಶುರುವಾಯಿತು. ನಿಮ್ಮಲ್ಲಿ ಇದೆಯಾ ನೋಡಿ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯ, ಇವುಗಳ ಫಲಿತಾಂಶ ಹಿಡಿದು ಊರಿನ ಪ್ರೌಢಶಾಲೆಯನ್ನು ಕೀಳು ಮಾಡುತ್ತಾರೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆದು ಗೆದ್ದ ಮಕ್ಕಳು ಹೋಗುತ್ತಾರೆ. ಊರಿನ ಶಾಲೆ ಬಾಗಿಲಿಗೆ ಬಂದ ಎಲ್ಲ ಮಕ್ಕಳನ್ನೂ ಸೇರಿಸಿಕೊಳ್ಳುತ್ತದೆ. ಆರಿಸಿ ತೆಗೆದ ಕಾಳನ್ನು ರಾಶಿಯ ಜೊತೆ ತೂಗಬಾರದು ಅಲ್ವಾ? ಅವುಗಳಿಗೆ ಬೇರೆ ಪಟ್ಟಿ ಮಾಡಿ.

ಹಂತ 2: ಮನೆಯಲ್ಲೇ ಕೂತು ಯುಡೈಸ್ ಪ್ಲಸ್ ನೋಡಿ

ಯುಡೈಸ್ ಪ್ಲಸ್ ಅಂದರೆ ಶಾಲೆಗಳ ಮಾಹಿತಿ ಇಡುವ ಕೇಂದ್ರ ಸರ್ಕಾರದ ಜಾಲತಾಣ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಶಾಲೆಯ ಬೋರ್ಡಿನ ಮೇಲೆ ಬರೆದಿರುತ್ತಾರೆ. ಮೊಬೈಲಿನಲ್ಲಿ ಯುಡೈಸ್ ಪ್ಲಸ್‌ನ 'ನೋ ಯುವರ್ ಸ್ಕೂಲ್' ಪುಟ ತೆರೆದು ಆ ಸಂಖ್ಯೆ ಅಥವಾ ಶಾಲೆಯ ಹೆಸರು ಹಾಕಿದರೆ ಶಾಲೆಯ ವರದಿ ಬರುತ್ತದೆ. ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ, ಶೌಚಾಲಯ, ಕುಡಿಯುವ ನೀರು, ಗ್ರಂಥಾಲಯ, ಕಂಪ್ಯೂಟರ್, ಎಲ್ಲ ಅದರಲ್ಲಿದೆ.

ಒಂದೇ ವರ್ಷದ್ದು ನೋಡಿ ಮುಚ್ಚಬೇಡಿ. ಮೂರು ವರ್ಷದ ಮಕ್ಕಳ ಸಂಖ್ಯೆ ಸಾಲಾಗಿ ಬರೆಯಿರಿ. ಅಕ್ಕಪಕ್ಕದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿರುವಾಗ ಒಂದು ಶಾಲೆ ಮಾತ್ರ ಸಂಖ್ಯೆ ಉಳಿಸಿಕೊಂಡಿದ್ದರೆ, ಊರಿನ ತಾಯಂದಿರಿಗೆ ಅಲ್ಲಿ ಏನೋ ಕಂಡಿದೆ ಅಂತ ಅರ್ಥ. ಅದು ಏನು ಅಂತ ಹೋಗಿ ಕೇಳಿ.

ಆದರೆ ಈ ವರದಿಗೆ ಮಿತಿಯೂ ಇದೆ. ವರ್ಷದ ಒಂದು ಗೊತ್ತಾದ ದಿನಕ್ಕೆ ಇದ್ದ ಲೆಕ್ಕವನ್ನು ಶಾಲೆಯವರೇ ತುಂಬಿರುತ್ತಾರೆ. ಅದಾದ ಮೇಲೆ ಯಾರಾದರೂ ವರ್ಗವಾಗಿ ಹೋಗಿದ್ದರೆ ಅಲ್ಲಿ ಕಾಣುವುದಿಲ್ಲ. ಶೌಚಾಲಯ ಇದೆ ಅಂತ ಬರೆದಿರುತ್ತದೆ, ಅದಕ್ಕೆ ಬೀಗ ಹಾಕಿದೆಯೋ ಇಲ್ಲವೋ ಹೋಗಿ ನೋಡಿದವರಿಗೇ ಗೊತ್ತು.

ಹಂತ 3: ಶಿಕ್ಷಕರ ಲೆಕ್ಕವನ್ನು ಸರಿಯಾಗಿ ಮಾಡಿ

ನನ್ನ ಕೇಳಿದರೆ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾನೂನು ಹೇಳುವುದು ಹೀಗೆ. 1ರಿಂದ 5ನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. 150 ದಾಟಿದರೆ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು. 6ರಿಂದ 8ಕ್ಕೆ ತರಗತಿಗೆ ಒಬ್ಬರಂತೆ, ಅದರಲ್ಲೂ ಗಣಿತ-ವಿಜ್ಞಾನಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಇರಲೇಬೇಕು.

ಎಷ್ಟೋ ಜನ ಶಿಕ್ಷಕರಿಗೆ ಇಷ್ಟು ಮಕ್ಕಳು ಅಂತ ಭಾಗಿಸಿ ಸುಮ್ಮನಾಗುತ್ತಾರೆ. ಆ ಲೆಕ್ಕ ದಾರಿ ತಪ್ಪಿಸುತ್ತದೆ. 18 ಮಕ್ಕಳಿಗೆ ಒಬ್ಬರು ಮೇಷ್ಟ್ರು ಅಂದರೆ ಕೇಳಲು ಬಹಳ ಚೆನ್ನಾಗಿದೆ. ಆದರೆ ಆ 18 ಮಕ್ಕಳು ಐದು ತರಗತಿಯವರು. ಮೇಷ್ಟ್ರು ತರಬೇತಿಗೆ ಹೋದ ದಿನ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಗೆ ಹೋದ ದಿನ, ಚುನಾವಣೆ ಕೆಲಸಕ್ಕೆ ಹೋದ ದಿನ ಶಾಲೆಯಲ್ಲಿ ಪಾಠ ಹೇಳುವವರು ಯಾರು? 2025ರ ದಸರಾ ಹೊತ್ತಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆ ಮನೆ ಸುತ್ತಿದರು, ರಜೆಯನ್ನೂ ವಿಸ್ತರಿಸಬೇಕಾಯಿತು. ಇಂಥ ಕೆಲಸ ಬರುತ್ತಲೇ ಇರುತ್ತದೆ. ಅದರ ಹೊರೆ ಏಕೋಪಾಧ್ಯಾಯ ಶಾಲೆಯ ಮಕ್ಕಳ ಮೇಲೆ ಜಾಸ್ತಿ ಬೀಳುತ್ತದೆ.

ಹಾಗಾಗಿ ಪ್ರತಿ ಶಾಲೆಯಲ್ಲೂ ಐದು ಪ್ರಶ್ನೆ ಕೇಳಿ. ಮಂಜೂರಾದ ಹುದ್ದೆ ಎಷ್ಟು? ಅದರಲ್ಲಿ ಕಾಯಂ ಶಿಕ್ಷಕರು ಎಷ್ಟು ಜನ? ಅತಿಥಿ ಶಿಕ್ಷಕರು ಎಷ್ಟು, ಅವರು ಯಾವ ತಿಂಗಳಲ್ಲಿ ಬಂದರು? ಹೆಸರು ಇಲ್ಲಿದ್ದು ನಿಯೋಜನೆ ಮೇಲೆ ಬೇರೆ ಕಡೆ ಕೆಲಸ ಮಾಡುವವರು ಇದ್ದಾರಾ? ಈಗ ಇರುವವರು ಈ ಶಾಲೆಗೆ ಬಂದು ಎಷ್ಟು ವರ್ಷವಾಯಿತು?

ಅತಿಥಿ ಶಿಕ್ಷಕರು ಅಂದ ತಕ್ಷಣ ಮುಖ ತಿರುಗಿಸಬೇಡಿ. ನಾನು ಕಂಡ ಒಳ್ಳೆಯ ಗಣಿತ ಟೀಚರುಗಳಲ್ಲಿ ಇಬ್ಬರು ಅತಿಥಿ ಶಿಕ್ಷಕರೇ. ತೊಂದರೆ ಅವರದಲ್ಲ. ನೇಮಕ ತಡವಾದರೆ ಜೂನ್, ಜುಲೈ ಪಾಠ ಹೋಗುತ್ತದೆ, ಮುಂದಿನ ವರ್ಷ ಅವರೇ ಬರುತ್ತಾರೆ ಅನ್ನುವ ಖಾತ್ರಿ ಇರುವುದಿಲ್ಲ. ಅದಕ್ಕೇ ಯಾವ ತಿಂಗಳು ಬಂದರು ಅಂತ ಕೇಳಬೇಕು.

ಹಂತ 4: ಎಸ್ಸೆಸ್ಸೆಲ್ಸಿ ಶೇಕಡಾವಾರು ನೋಡುವಾಗ ಎಚ್ಚರ

ಪ್ರಾಥಮಿಕ ಶಾಲೆ ಹುಡುಕುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಪ್ರೌಢಶಾಲೆ ನೋಡುವವರಿಗೆ ಬೇಕೇ ಬೇಕು.

ಒಂದು ಶಾಲೆಯ ಫಲಿತಾಂಶವನ್ನು ಅದರದೇ ಹಳೆ ವರ್ಷದ ಜೊತೆ ಹೋಲಿಸಬೇಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕ ಹೆಚ್ಚಿಸಿದ ಮೇಲೂ ಅದು ಶೇ 73.40ಕ್ಕೆ ಇಳಿಯಿತು. 2021ರಲ್ಲಿ ಕೋವಿಡ್ ಕಾರಣಕ್ಕೆ ಹೆಚ್ಚು ಕಡಿಮೆ ಎಲ್ಲರೂ ಪಾಸಾದರು. ಇಷ್ಟು ಏರಿಳಿತ ಇರುವಾಗ ಶಾಲೆ ಕೆಟ್ಟಿತು ಅಂತಲೋ ಸುಧಾರಿಸಿತು ಅಂತಲೋ ಹೇಗೆ ಹೇಳುವುದು? ಅದೇ ವರ್ಷ ನಿಮ್ಮ ತಾಲ್ಲೂಕಿನ ಸರಾಸರಿ ಎಷ್ಟು, ಈ ಶಾಲೆಯದು ಎಷ್ಟು ಅಂತ ನೋಡಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ. ಹೋಲಿಸುವಾಗ ಎಲ್ಲ ಶಾಲೆಗಳದ್ದೂ ಪರೀಕ್ಷೆ-1ರ ಅಂಕಿಯನ್ನೇ ತೆಗೆದುಕೊಳ್ಳಿ.

ಎಷ್ಟು ಮಕ್ಕಳು ಬರೆದರು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. 12 ಮಕ್ಕಳಿರುವ ಕಡೆ ಒಬ್ಬ ಫೇಲಾದರೆ ಫಲಿತಾಂಶ 100ರಿಂದ ಸುಮಾರು 92ಕ್ಕೆ ಬೀಳುತ್ತದೆ. 90 ಮಕ್ಕಳಿರುವ ಕಡೆ ಒಬ್ಬನಿಂದ ಶೇಕಡಾ ಒಂದೂ ಚಿಲ್ಲರೆ ಮಾತ್ರ. ಸಣ್ಣ ಶಾಲೆಯಾದರೆ ಮೂರು ವರ್ಷದ್ದನ್ನು ಸೇರಿಸಿ ಲೆಕ್ಕ ಹಾಕಿ, ತಾಲ್ಲೂಕಿನದ್ದೂ ಅದೇ ಮೂರು ವರ್ಷದ್ದು ತೆಗೆದುಕೊಳ್ಳಿ.

'ನೂರಕ್ಕೆ ನೂರು' ಅಂತ ಬ್ಯಾನರ್ ಕಟ್ಟಿದ್ದರೆ ಇನ್ನೊಂದು ಲೆಕ್ಕ ಕೇಳಿ. ಎರಡು ವರ್ಷದ ಹಿಂದೆ 8ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಈಗ 10ರಲ್ಲಿ ಪರೀಕ್ಷೆ ಬರೆದವರು ಎಷ್ಟು? 40 ಮಕ್ಕಳು 28 ಆಗಿದ್ದರೆ ಉಳಿದ 12 ಎಲ್ಲಿ ಹೋದರು? ವಲಸೆ ಹೋಗಿರಬಹುದು, ಬೇರೆ ಶಾಲೆಗೆ ಸೇರಿರಬಹುದು. ಕೆಲವರು ಓದು ಬಿಟ್ಟಿರಲೂಬಹುದು. ಉತ್ತರ ಮುಖ್ಯೋಪಾಧ್ಯಾಯರ ಬಾಯಲ್ಲಿ ತಕ್ಷಣ ಬಂದರೆ, ಮಗು ಮಗುವಿನ ಹೆಸರು ಹಿಡಿದು ಹೇಳಿದರೆ, ಅದು ಒಳ್ಳೆಯ ಶಾಲೆಯ ಗುರುತು.

ಒಟ್ಟು ಅಂಕದ ಬದಲು ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರ ಸರಾಸರಿ ಕೇಳಿ. ಮಕ್ಕಳು ಸಾಮಾನ್ಯವಾಗಿ ಎಡವುವುದು ಅಲ್ಲೇ. ಪಟ್ಟಣದ ಶಾಲೆಯಾದರೆ ಎಷ್ಟು ಮಕ್ಕಳು ಟ್ಯೂಷನ್ನಿಗೆ ಹೋಗುತ್ತಾರೆ ಅಂತಲೂ ವಿಚಾರಿಸಿ.

ಹಂತ 5: ಶಾಲೆಗೆ ಹೋಗಿ

ಮೊದಲು ಮುಖ್ಯ ಶಿಕ್ಷಕರನ್ನು ಕಂಡು, ಮಗುವನ್ನು ಸೇರಿಸುವ ಯೋಚನೆ ಇದೆ, ಒಂದು ಗಂಟೆ ಶಾಲೆ ನೋಡಬಹುದಾ ಅಂತ ಕೇಳಿ. ಮಕ್ಕಳ ಫೋಟೋ, ವಿಡಿಯೋ ತೆಗೆಯಬೇಡಿ. ತಪ್ಪು ಹುಡುಕಲು ಬಂದವರ ಹಾಗೆ ಮಾತಾಡಬೇಡಿ. ಬಹಳಷ್ಟು ಮೇಷ್ಟ್ರುಗಳು ಇಂಥ ಪೋಷಕರನ್ನು ಕಂಡರೆ ಖುಷಿಪಡುತ್ತಾರೆ. ಎರಡು ಸಲ ಹೋಗಿ. ಒಂದು ಸಲ ಬೆಳಗಿನ ಪ್ರಾರ್ಥನೆ ಹೊತ್ತಿಗೆ, ಇನ್ನೊಂದು ಸಲ ಮಧ್ಯಾಹ್ನದ ಊಟದ ಹೊತ್ತಿಗೆ.

ಬೆಳಗ್ಗೆ ಕಚೇರಿ ಹತ್ತಿರದ ಹಲಗೆ ನೋಡಿ. ಯಾವ ತರಗತಿಯಲ್ಲಿ ದಾಖಲಾತಿ ಎಷ್ಟು, ಇವತ್ತಿನ ಹಾಜರಾತಿ ಎಷ್ಟು ಅಂತ ಬರೆದಿರುತ್ತಾರೆ. ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಊಟದ ಹೊತ್ತಿಗೆ ಹೋದ ದಿನ ಹಲಗೆಯ ಲೆಕ್ಕ ಮತ್ತು ಕೂತ ಸಾಲು ಎರಡೂ ಹೊಂದುತ್ತವಾ ಕಣ್ಣಳತೆಯಲ್ಲೇ ನೋಡಿ.

1ರಿಂದ 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕೂತಿದ್ದರೆ ಗಾಬರಿಯಾಗಬೇಡಿ. ಅದು ನಲಿ-ಕಲಿ. 1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ, ಆಮೇಲೆ ರಾಜ್ಯಕ್ಕೆಲ್ಲ ಬಂತು. ಮಕ್ಕಳು ವಯಸ್ಸಿನ ಪ್ರಕಾರ ಅಲ್ಲ, ಕಲಿಕೆಯ ಮೆಟ್ಟಿಲಿನ ಪ್ರಕಾರ ಗುಂಪಾಗುತ್ತಾರೆ. ಚೆನ್ನಾಗಿ ನಡೆಯುವ ನಲಿ-ಕಲಿ ಕೋಣೆ ಗುರುತಿಸುವುದು ಕಷ್ಟವಲ್ಲ. ತಲೆ ಮೇಲಿನ ಕಲಿಕಾ ಚಪ್ಪರದಲ್ಲಿ ಈ ತಿಂಗಳ ಚಿತ್ರ, ಬರಹ ತೂಗುತ್ತಿರುತ್ತವೆ. ಕಾರ್ಡುಗಳ ಅಂಚು ಮಕ್ಕಳ ಕೈ ತಾಗಿ ಸವೆದಿರುತ್ತದೆ. ಗೋಡೆಯ ಕೆಳಗಿನ ಹಲಗೆಯ ಮೇಲೆ ಸೀಮೆಸುಣ್ಣದ ಓರೆಕೋರೆ ಅಕ್ಷರ ಇರುತ್ತವೆ. ಕಾರ್ಡು ಹೊಸದರಂತೆ ಹೊಳೆಯುತ್ತಿದ್ದರೆ, ಚಪ್ಪರದ ಕಾಗದದ ಮೇಲೆ ಧೂಳು ಕೂತಿದ್ದರೆ, ಅಲ್ಲಿ ಪದ್ಧತಿ ಹೆಸರಿಗೆ ಮಾತ್ರ ಇದೆ.

ದೊಡ್ಡ ತರಗತಿಯಲ್ಲಿ ಎರಡು ನೋಟ್‌ಬುಕ್ ಕೇಳಿ. ಮುಂದಿನ ಸಾಲಿನದೊಂದು, ಹಿಂದಿನ ಸಾಲಿನದೊಂದು. ಕೆಂಪು ಶಾಯಿಯ ಟಿಕ್ಕು ಮಾತ್ರ ಇದೆಯಾ, ತಪ್ಪನ್ನು ತಿದ್ದಿ ಸರಿ ಬರೆಸಿದ್ದಾರಾ ನೋಡಿ. ಎಲ್ಲರ ನೋಟ್‌ಬುಕ್ಕಿನಲ್ಲೂ ಅಕ್ಷರ ಅಕ್ಷರ ಒಂದೇ ಉತ್ತರ ಇದ್ದರೆ ಅದು ಬೋರ್ಡಿನಿಂದ ಇಳಿಸಿದ್ದು.

ಶೌಚಾಲಯಕ್ಕೆ ಹೋಗಿ ನೋಡಿ. ಹೆಣ್ಣುಮಕ್ಕಳದ್ದನ್ನು ಮನೆಯ ಹೆಂಗಸರು ನೋಡಲಿ. ಬಾಗಿಲಿಗೆ ಒಳಗಿನ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತದಾ, ಕೀಲಿ ಯಾರ ಹತ್ತಿರ ಇರುತ್ತದೆ? 6, 7ನೇ ತರಗತಿಯ ಹುಡುಗಿಯರು ತಿಂಗಳಲ್ಲಿ ನಾಲ್ಕು ದಿನ ಶಾಲೆ ತಪ್ಪಿಸುತ್ತಿದ್ದರೆ ಕಾರಣ ಎಷ್ಟೋ ಸಲ ಇಲ್ಲೇ ಸಿಗುತ್ತದೆ. ಬಿಸಿಯೂಟದ ಅಡುಗೆಮನೆಯಲ್ಲಿ ರುಚಿ ನೋಡಿ ಸಹಿ ಮಾಡುವ ಪುಸ್ತಕ ಇರುತ್ತದೆ. ಇವತ್ತಿನ ಸಹಿ ಇದೆಯಾ ನೋಡಿ. ಗ್ರಂಥಾಲಯದ ಪುಸ್ತಕ ಬೀರುವಿನಲ್ಲಿದೆಯೋ ಮಕ್ಕಳ ಕೈಯಲ್ಲಿದೆಯೋ ಅಷ್ಟು ಸಾಕು.

ಹಂತ 6: ಮಗು ಓದುವುದನ್ನು ಕೇಳಿಸಿಕೊಳ್ಳಿ

ಉಳಿದದ್ದೆಲ್ಲ ತಪ್ಪಿದರೂ ಇದನ್ನು ತಪ್ಪಿಸಬೇಡಿ. ಮೇಷ್ಟ್ರ ಒಪ್ಪಿಗೆ ಪಡೆದು 5ನೇ ತರಗತಿಯ ಐದಾರು ಮಕ್ಕಳಿಂದ ಓದಿಸಿ. ಮಕ್ಕಳನ್ನು ಅವರು ಆರಿಸಬಾರದು, ನೀವೂ ಆರಿಸಬಾರದು. ಹಾಜರಿ ಪುಸ್ತಕದಲ್ಲಿ ಪ್ರತಿ ಐದನೇ ಹೆಸರು ಕರೆಯಿರಿ. ಎಲ್ಲ ಶಾಲೆಯಲ್ಲೂ ಅದೇ ರೀತಿ ಮಾಡಿ.

ಒಂದು ಹಾಳೆಯಲ್ಲಿ 2ನೇ ತರಗತಿ ಮಟ್ಟದ ಎಂಟು ಸಾಲಿನ ಪುಟ್ಟ ಕಥೆ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ. ಪಾಠದ ಪುಸ್ತಕದ್ದು ಬೇಡ, ಬಾಯಿಪಾಠ ಬಂದಿರುತ್ತದೆ. ಮೊದಲ ಎರಡು ಸಾಲಿನಲ್ಲಿ ಸರಳ ಪದ, ಆಮೇಲೆ ಕಾಗುಣಿತ ಜಾಸ್ತಿ ಇರುವ ಪದ, ಕೊನೆಗೆ 'ಅಮ್ಮ', 'ಹತ್ತಿರ', 'ರಾತ್ರಿ', 'ಪುಸ್ತಕ' ಥರದ ಒತ್ತಕ್ಷರ ಇರಲಿ. ಮಗು ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲೇ ಎಲ್ಲಿಯವರೆಗೆ ಕಲಿಸಿದ್ದಾರೆ ಅಂತ ಗೊತ್ತಾಗುತ್ತದೆ. ಓದಿದ ಮೇಲೆ ಕಥೆಯಲ್ಲಿ ಏನಾಯಿತು ಅಂತ ಕೇಳಿ. ಸರಾಗವಾಗಿ ಓದಿ ಅರ್ಥ ಹೇಳಲಾಗದ ಮಕ್ಕಳೂ ಇರುತ್ತಾರೆ.

ಗಣಿತಕ್ಕೆ ಎರಡೇ ಲೆಕ್ಕ. 52ರಲ್ಲಿ 37 ಕಳೆಯುವುದು, 84ನ್ನು 6ರಿಂದ ಭಾಗಿಸುವುದು. ಮೊದಲನೆಯದರಲ್ಲಿ ದಶಕದಿಂದ ಎರವಲು ತೆಗೆಯುವುದು ಗೊತ್ತಾ ಅಂತ ಕಾಣುತ್ತದೆ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಎದುರಿಗೆ ನಿಲ್ಲಿಸಬೇಡಿ. ಹೆಸರು ಕೇಳಿ, ಮನೆಯಲ್ಲಿ ಕರು ಇದೆಯಾ ನಾಯಿ ಇದೆಯಾ ಅಂತ ಎರಡು ಮಾತಾಡಿ, ಆಮೇಲೆ ಹಾಳೆ ಕೊಡಿ. ತಡವರಿಸಿದರೆ 'ಪರವಾಗಿಲ್ಲ ಕಂದ' ಅಂದು ಮುಂದಿನ ಪದಕ್ಕೆ ಹೋಗಿ. ಮಗುವಿನ ಹೆಸರು ಬರೆದುಕೊಳ್ಳಬೇಡಿ, ಆರರಲ್ಲಿ ಎಷ್ಟು ಅಂತ ಮಾತ್ರ ಬರೆಯಿರಿ. ಆ ಹೊತ್ತಿನಲ್ಲಿ ಮೇಷ್ಟ್ರು ಏನು ಮಾಡುತ್ತಾರೆ ಅಂತಲೂ ಗಮನಿಸಿ. ಒಂದು ಶಾಲೆಯಲ್ಲಿ ಟೀಚರ್ ಬಂದು ನನ್ನ ಪಕ್ಕ ಕೂತು, 'ಇವನು ಜೂನ್‌ನಲ್ಲಿ ಅಕ್ಷರವನ್ನೇ ಗುರುತಿಸುತ್ತಿರಲಿಲ್ಲ ಸಾರ್, ಈಗ ಒತ್ತಕ್ಷರದವರೆಗೆ ಬಂದಿದ್ದಾನೆ' ಅಂದರು. ಹುಡುಗ ಕಥೆ ಪೂರ್ತಿ ಓದಲಿಲ್ಲ. ಆದರೂ ನನ್ನ ನೋಟ್‌ಬುಕ್ಕಿನಲ್ಲಿ ಆ ಶಾಲೆಯ ಹೆಸರಿನ ಕೆಳಗೆ ಮೆಚ್ಚುಗೆಯ ಎರಡು ಗೆರೆ ಎಳೆದೆ.

ಹಂತ 7: ಮೂರು ಜನರ ಹತ್ತಿರ ಮಾತಾಡಿ

ಅಡುಗೆಯವರ ಹತ್ತಿರ, ದೊಡ್ಡ ತರಗತಿಯ ಮಗುವಿನ ತಾಯಿಯ ಹತ್ತಿರ, ಎಸ್‌ಡಿಎಂಸಿ ಸದಸ್ಯರೊಬ್ಬರ ಹತ್ತಿರ. ಅಡುಗೆಯವರಿಗೆ ಮೇಷ್ಟ್ರು ಎಷ್ಟೊತ್ತಿಗೆ ಬರುತ್ತಾರೆ, ಯಾವ ಮಗು ಹಸಿದು ಬರುತ್ತದೆ ಎಲ್ಲ ಗೊತ್ತಿರುತ್ತದೆ. ತಾಯಿಗೆ 'ಹೊಡೆಯುತ್ತಾರಾ' ಅಂತ ನೇರವಾಗಿ ಕೇಳಿ. ಮಕ್ಕಳನ್ನು ಹೊಡೆಯುವುದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ.

ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅನ್ನುತ್ತದೆ ಆರ್‌ಟಿಇ. ಕೊನೆಯ ಸಭೆ ಯಾವಾಗ ಆಯಿತು, ಅದರಲ್ಲಿ ಏನು ತೀರ್ಮಾನವಾಯಿತು ಅಂತ ಸದಸ್ಯರನ್ನು ಕೇಳಿ. ನಡಾವಳಿ ಪುಸ್ತಕಕ್ಕೆ ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋದರು ಅಂದರೆ ಸಮಿತಿ ಕಾಗದದ ಮೇಲಷ್ಟೇ ಇದೆ.

ಹಂತ 8: ಮಾಹಿತಿ ಸಿಗದಿದ್ದರೆ ಅರ್ಜಿ ಹಾಕಿ

ಬಹಳ ಸಲ ಅಕ್ಕಪಕ್ಕದ ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಸಿಆರ್‌ಪಿಯವರನ್ನು ಕೇಳಿದರೇ ಕೆಲಸವಾಗುತ್ತದೆ. ಆಗದಿದ್ದರೆ ಬಿಇಒ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. 30 ದಿನದಲ್ಲಿ ಉತ್ತರ ಬರಬೇಕು. ಹೀಗೆ ಬರೆಯಿರಿ: 'ಈ ಕೆಳಗಿನ ನಾಲ್ಕು ಶಾಲೆಗಳಲ್ಲಿ ಕಳೆದ ಮೂರು ಶೈಕ್ಷಣಿಕ ವರ್ಷಗಳ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ನಿಯೋಜನೆ ಮೇಲೆ ತೆರಳಿದವರು ಮತ್ತು ಅತಿಥಿ ಶಿಕ್ಷಕರು ಕರ್ತವ್ಯಕ್ಕೆ ಹಾಜರಾದ ದಿನಾಂಕಗಳ ವಿವರ ನೀಡುವುದು.' ಏಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ.

ಹಂತ 9: ನೋಟ್‌ಬುಕ್ ತೆರೆದು ತೀರ್ಮಾನ ಮಾಡಿ

ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸುವ ಕ್ರಮ ನಾನು ಬಿಟ್ಟುಬಿಟ್ಟೆ. ಕಂಪ್ಯೂಟರಿಗೆ ಹತ್ತು, ಮೈದಾನಕ್ಕೆ ಹತ್ತು ಅಂತ ಕೂಡಿಸುತ್ತಾ ಹೋದರೆ, ಮಕ್ಕಳಿಗೆ ಓದಲು ಬರದ ಶಾಲೆಯೂ ಮೇಲೆ ಬಂದುಬಿಡುತ್ತದೆ. ಮೊದಲು ಎರಡೇ ಪ್ರಶ್ನೆ. ವರ್ಷವಿಡೀ ಕನಿಷ್ಠ ಇಬ್ಬರು ಶಿಕ್ಷಕರು ಶಾಲೆಯಲ್ಲಿ ಇರುತ್ತಾರಾ? 5ನೇ ತರಗತಿಯ ಆರು ಮಕ್ಕಳಲ್ಲಿ ನಾಲ್ಕಾದರೂ ಆ ಕಥೆ ಓದಿ ಅರ್ಥ ಹೇಳಿದರಾ? ಎರಡರಲ್ಲಿ ಒಂದಕ್ಕೆ 'ಇಲ್ಲ' ಅಂತ ಬಂದರೂ ಆ ಶಾಲೆಯನ್ನು ಪಕ್ಕಕ್ಕಿಡಿ, ಕಟ್ಟಡ ಎಷ್ಟೇ ಚೆನ್ನಾಗಿರಲಿ. ಉಳಿದ ಶಾಲೆಗಳ ನಡುವೆ ಶೌಚಾಲಯ, ದೂರ, ಮಾಧ್ಯಮ, ಮುಂದಿನ ತರಗತಿ ಅಲ್ಲೇ ಇದೆಯಾ ಅನ್ನುವುದನ್ನು ತೂಗಿ.

ಉದಾಹರಣೆಗೆ ಎರಡು ಶಾಲೆ ಅಂತಿಟ್ಟುಕೊಳ್ಳಿ. ಒಂದರಲ್ಲಿ 140 ಮಕ್ಕಳು, ಸ್ಮಾರ್ಟ್ ಕ್ಲಾಸ್, ಆದರೆ ಗಣಿತದ ಹುದ್ದೆ ಎರಡು ವರ್ಷದಿಂದ ಖಾಲಿ, ಆರರಲ್ಲಿ ಇಬ್ಬರು ಓದಿದರು. ಇನ್ನೊಂದರಲ್ಲಿ 55 ಮಕ್ಕಳು, ಮೂವರು ಶಿಕ್ಷಕರು, ಎಲ್ಲರೂ ಐದು ವರ್ಷದಿಂದ ಅಲ್ಲೇ ಇದ್ದಾರೆ, ಆರರಲ್ಲಿ ಐವರು ಓದಿದರು, ಕಾಂಪೌಂಡ್ ಬಿದ್ದಿದೆ. ನಾನಾದರೆ ಎರಡನೆಯದಕ್ಕೆ ಸೇರಿಸಿ, ಕಾಂಪೌಂಡ್ ವಿಷಯವನ್ನು ಗ್ರಾಮ ಸಭೆಯಲ್ಲಿ ಎತ್ತುತ್ತೇನೆ. ಗೋಡೆಯನ್ನು ಪಂಚಾಯಿತಿ ಒಂದು ಬೇಸಿಗೆಯಲ್ಲಿ ಕಟ್ಟಿಸಬಹುದು, ಅಂಥ ಮೂವರು ಶಿಕ್ಷಕರು ಒಂದೇ ಕಡೆ ಸಿಗುವುದು ಅಷ್ಟು ಸುಲಭವಲ್ಲ.

ಸೇರಿಸಿದ ಮೇಲೆ ನೋಟ್‌ಬುಕ್ ಎತ್ತಿಡಬೇಡಿ. ದಸರಾ ರಜೆ ಮುಗಿದ ವಾರ ಅದೇ ಹಾಳೆ ಹಿಡಿದು ಇನ್ನೊಂದು ಸಲ ಶಾಲೆಗೆ ಹೋಗಿ. ಅಷ್ಟರಲ್ಲಿ ವರ್ಗಾವಣೆ ಏನಾದರೂ ಆಗಿದ್ದರೆ ಗೊತ್ತಾಗುತ್ತದೆ, ಖಾಲಿಯಾದ ಹುದ್ದೆಗೆ ಅತಿಥಿ ಶಿಕ್ಷಕರನ್ನು ಕೇಳಿ ಎಸ್‌ಡಿಎಂಸಿಯಿಂದ ಬಿಇಒಗೆ ಪತ್ರ ಬರೆಸಲು ಇನ್ನೂ ಅರ್ಧ ವರ್ಷ ಕೈಯಲ್ಲಿರುತ್ತದೆ.